ಹೆಸರು ಕಳಚಿದ ಕೊರಳು

ಸಂಗೀತದ ಪಂದ್ಯಕ್ಕೆ ನಿಲ್ಲುವುದು ಹೆಸರಿಲ್ಲದವರಿಗೆ ಅಷ್ಟೇನೂ ಕಷ್ಟದ ಸಂಗತಿಯಲ್ಲ. ಗೆದ್ದರೆ ನಾಲ್ಕು ಮಂದಿ ಗುರುತಿಸಿಯಾರು. ಸೋತರೆ ನೆರೆಮನೆಯವರ ಕನಿಕರವನ್ನು ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಎಂದಿನಂತೆ ಕಚೇರಿಗೆ ಹೋದರಾಯಿತು. ಹೆಸರುವಾಸಿಗಳ ಪಾಡು ಬೇರೆ. ಇಪ್ಪತ್ತು ಮೂವತ್ತು ವರ್ಷ ದುಡಿದು ಗಳಿಸಿದ ಕೀರ್ತಿಯ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡೇ ಅವರು ವೇದಿಕೆಯನ್ನೇರಬೇಕು. ಕಾಲು ಜಾರಿದರೆ ಗಂಟೂ ಬಿದ್ದುಹೋಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪ್ರಖ್ಯಾತನಾದವನು ಬಾಯಿ ತೆರೆಯುವ ಮುನ್ನವೇ ಅವನ ಹೆಸರು ಸಭಿಕರ ಕಿವಿಯಲ್ಲಿ ಹಾಡಲಾರಂಭಿಸಿರುತ್ತದೆ. ಆ ಗದ್ದಲದಲ್ಲಿ, ಪಾಪ, ಅವನ ಕೊರಳು ಯಾರಿಗೆ ಕೇಳಿಸಬೇಕು?

ಈ ತೊಡಕಿಗೆ ಕೊರಿಯದವರು ಒಂದು ಉಪಾಯವನ್ನು ಹೂಡಿದರು. 2015ರಲ್ಲಿ ದಕ್ಷಿಣ ಕೊರಿಯದ ಎಂ.ಬಿ.ಸಿ. ದೂರದರ್ಶನ ಸಂಸ್ಥೆಯು ಪ್ರಸಿದ್ಧರಿಗೆಂದೇ ಒಂದು ಗಾಯನ ಸ್ಪರ್ಧೆಯನ್ನು ಆರಂಭಿಸಿತು. ಸ್ಪರ್ಧಿಗಳು ಮುಖವಾಡ ಧರಿಸಿ ಹಾಡಬೇಕು. ಸೋತ ಮೇಲೆ ಅದನ್ನು ಕಳಚಿ ತಾನಾರೆಂದು ತೋರಿಸಿಕೊಳ್ಳಬೇಕು. ಆಟ ನೆರೆಯ ದೇಶಗಳಿಗೂ ಹಬ್ಬಿತು. ಅಮೆರಿಕೆಯ ಕ್ರೇಗ್ ಪ್ಲೆಸ್ಟಿಸ್ ಎಂಬ ನಿರ್ಮಾಪಕನು ಒಂದು ಸಂಜೆ ಥಾಯ್ ಭೋಜನಶಾಲೆಯೊಂದಕ್ಕೆ ಹೋಗಿದ್ದಾಗ, ಊಟಕ್ಕೆ ಕುಳಿತವರೆಲ್ಲ ತಟ್ಟೆಯನ್ನು ಮರೆತು ಗೋಡೆಯ ಮೇಲಿನ ಪರದೆಯನ್ನೇ ನೋಡುತ್ತಿದ್ದುದನ್ನು ಕಂಡನಂತೆ. ಅಲ್ಲಿ ನಡೆಯುತ್ತಿದ್ದುದು ಈ ಸ್ಪರ್ಧೆಯ ಥಾಯ್ ರೂಪ. ಹಸಿದವನು ಅನ್ನವನ್ನು ಬಿಟ್ಟು ನೋಡುವ ಆಟಕ್ಕೆ ಬೇರೆ ಯೋಗ್ಯತಾಪತ್ರ ಬೇಕೆ? 2019ರ ಜನವರಿಯಲ್ಲಿ ಫಾಕ್ಸ್ ಜಾಲದ ಮೂಲಕ ‘ದಿ ಮಾಸ್ಕ್ಡ್ ಸಿಂಗರ್’ ಎಂಬ ಹೆಸರಿನಿಂದ ಅದು ಅಮೆರಿಕೆಯ ಮನೆಮನೆಗಳನ್ನು ಹೊಕ್ಕಿತು.

ಮೊದಲ ಸರಣಿಗೆ ಹನ್ನೆರಡು ಮಂದಿ ಸ್ಪರ್ಧಿಗಳು. ನವಿಲು, ಜೇನುನೊಣ, ಸಿಂಹ, ಮೊಲ, ಜಿಂಕೆ, ಕೊನೆಗೆ ಒಂದು ಅನಾನಸು ಹಣ್ಣು! ಒಳಗಿದ್ದವರು ಗಾಯಕರು, ನಟಿಯರು, ವಿದೂಷಕರು, ಕಾಲ್ಚೆಂಡಿನ ಆಟಗಾರರು. ಗುಟ್ಟು ಹೊರಬೀಳದಂತೆ ಅವರನ್ನು ಕಾಪಾಡಿದ ಬಗೆ ಪತ್ತೇದಾರಿ ಕಾದಂಬರಿಗೆ ಸಲ್ಲುವಂಥದು. ಚಿತ್ರೀಕರಣಶಾಲೆಗೆ ಬರುವಾಗಲೇ ತಲೆಗೆ ಮುಸುಕು. ‘ನನ್ನೊಡನೆ ಮಾತನಾಡಬೇಡಿ’ ಎಂಬ ಬರಹವುಳ್ಳ ಅಂಗಿ. ವೇದಿಕೆಯ ಮೇಲೆ ಎರಡು ಮಾತು ಆಡಬೇಕಾದರೆ ಆ ಧ್ವನಿಯನ್ನು ಯಂತ್ರದಿಂದ ವಿಕಾರಗೊಳಿಸಿಯೇ ಕೇಳಿಸುತ್ತಿದ್ದರು. ಹಾಡಿಗೆ ಮಾತ್ರ ಸ್ವಂತ ಕೊರಳು. ಸಭಿಕರೂ ಊಹೆಗಾರರ ಮಂಡಲಿಯೂ ಮತ ನೀಡುವರು. ಕಡಮೆ ಮತ ಬಿದ್ದವನು ‘ಕಳಚು, ಕಳಚು’ ಎಂಬ ಕೂಗಿನ ನಡುವೆ ಮುಖವಾಡವನ್ನು ತೆಗೆಯುವನು. ಉಳಿದ ಸ್ಪರ್ಧೆಗಳಲ್ಲಿ ಗೆದ್ದವನಿಗೆ ಹೆಸರು. ಇಲ್ಲಿ ಸೋತವನಿಗೆ ಹೆಸರು, ಗೆಲ್ಲುತ್ತ ಹೋಗುವವನಿಗೆ ಅಜ್ಞಾತವಾಸ.

ಆ ಹನ್ನೆರಡು ವೇಷಗಳಲ್ಲಿ ಒಂದು ರಾಕ್ಷಸನದು. ಮೈತುಂಬ ರೋಮ, ತಲೆಯ ಮೇಲೆ ಕೋಡು, ಹಣೆಯ ನಟ್ಟನಡುವೆ ಒಂದೇ ಕಣ್ಣು. ಮಕ್ಕಳ ಗೊಂಬೆಯಂಗಡಿಯಿಂದ ತಪ್ಪಿಸಿಕೊಂಡು ಬಂದಂತಿದ್ದ ಈ ರಾಕ್ಷಸನು ನಡೆದು ಬಂದರೆ ನಗು ಬರುತ್ತಿತ್ತು. ಹಾಡಿದರೆ ನಗು ನಿಲ್ಲುತ್ತಿತ್ತು. ಒಂದು ವಾರ ಸ್ಯಾಮ್ ಸ್ಮಿತ್‌ನ ‘ಸ್ಟೇ ವಿತ್ ಮಿ’ ಎಂಬ ವಿಷಾದಗೀತೆಯನ್ನು ಅವನು ಎತ್ತಿಕೊಂಡನು. ವಿಶೇಷ ಸರ್ಕಸ್ಸೇನೂ ಇಲ್ಲ. ತುಂಬಿದ, ತುಸು ಬಿರುಸಾದ ಶಾರೀರ. ಮೇಲಿನ ಸ್ವರಗಳಲ್ಲಿಯೂ ಹರಿಯದ ಎಳೆ. ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುವಾಗ ಅಮೆರಿಕೆಯ ನೀಗ್ರೋ ಪ್ರಾರ್ಥನಾ ಮಂದಿರಗಳ ಗಾಯನದಿಂದ ಬಂದ ಒಂದು ಬಳುಕು. ಇವನು ಪಳಗಿದ ಗಾಯಕನೆಂಬುದರಲ್ಲಿ ಸಂಶಯವಿರಲಿಲ್ಲ. ಯಾರು ಎಂಬುದೇ ಪ್ರಶ್ನೆ. ರಾಕ್ಷಸನ ವೇಷವನ್ನೇಕೆ ಆರಿಸಿಕೊಂಡೆ ಎಂದರೆ, ಜಗತ್ತು ತನಗೆ ಆ ಪಟ್ಟವನ್ನು ಎಂದೋ ಕಟ್ಟಿದೆ ಎಂಬ ಅರ್ಥ ಬರುವಂತೆ ಅವನು ಸುಳಿವು ಕೊಟ್ಟನು.

ವಾಚಕರಿಗೆ ಗುಟ್ಟನ್ನು ಇಲ್ಲಿಯೇ ಬಿಟ್ಟುಕೊಡುವುದು ಲೇಸು. ಏಕೆಂದರೆ ಈ ಕಥೆಯ ಸ್ವಾರಸ್ಯ ‘ಯಾರು’ ಎಂಬುದರಲ್ಲಿ ಅರ್ಧವಾದರೆ, ‘ಏಕೆ’ ಎಂಬುದರಲ್ಲಿ ಇನ್ನರ್ಧ. ಒಳಗಿದ್ದವನು ಟಿ-ಪೇನ್. ಮನೆಯವರಿಟ್ಟ ಹೆಸರು ಫಹೀಮ್ ನಜ್ಮ್. ಊರು ಫ್ಲಾರಿಡಾ ಪ್ರಾಂತದ ಟ್ಯಾಲಹಾಸಿ. ಆ ಊರಿನ ಮೊದಲ ಅಕ್ಷರವನ್ನೂ ಅಲ್ಲಿ ಉಂಡ ನೋವನ್ನೂ ಸೇರಿಸಿ ತನ್ನ ರಂಗನಾಮವನ್ನು ಮಾಡಿಕೊಂಡವನು. 2005ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು. 2007ರಲ್ಲಿ ಆತನ ಒಂದು ಹಾಡು ಅಮೆರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಷ್ಟಾದರೂ ‘ಅವನಿಗೆ ಹಾಡಲು ಬರುವುದಿಲ್ಲ’ ಎಂಬುದೇ ಲೋಕದ ತೀರ್ಮಾನವಾಗಿತ್ತು! ಇದು ಹೇಗೆ ಸಾಧ್ಯವೆಂದು ತಿಳಿಯಬೇಕಾದರೆ ಒಂದು ಯಂತ್ರದ ಕಥೆಯನ್ನು ಕೇಳಬೇಕು.

ಆಂಡಿ ಹಿಲ್ಡೆಬ್ರಾಂಡ್ ಎಂಬ ಗಣಿತಜ್ಞ ಎಂಜಿನಿಯರನು ತೈಲಶೋಧನೆಯ ಕೆಲಸದಲ್ಲಿದ್ದವನು. ನೆಲದೊಳಕ್ಕೆ ಕಂಪನಗಳನ್ನು ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯನ್ನು ಗಣಿತದಿಂದ ಸೋಸಿ, ಎಣ್ಣೆ ಎಲ್ಲಿದೆಯೆಂದು ಹೇಳುವುದು ಆತನ ವಿದ್ಯೆ. ಆತ ಕೊಳಲನ್ನೂ ಬಲ್ಲವನು. ಒಮ್ಮೆ ಊಟದ ಕೂಟದಲ್ಲಿ ಒಬ್ಬ ಹೆಂಗಸು, ತಾನು ಶ್ರುತಿಬದ್ಧವಾಗಿ ಹಾಡುವಂತೆ ಮಾಡುವ ಪೆಟ್ಟಿಗೆಯೊಂದನ್ನು ಮಾಡಿಕೊಡೆಂದು ಹಾಸ್ಯಕ್ಕೆ ಕೇಳಿದಳಂತೆ. ಹಾಸ್ಯವನ್ನು ಆತ ಮನಸ್ಸಿಗೆ ಹಚ್ಚಿಕೊಂಡನು. ಭೂಮಿಯ ಹೊಟ್ಟೆಯನ್ನು ಅಳೆಯುತ್ತಿದ್ದ ಗಣಿತವೇ ಗಾಯಕನ ಗಂಟಲನ್ನು ಅಳೆಯಲು ಬಂದಿತು. 1997ರಲ್ಲಿ ‘ಆಟೋ-ಟ್ಯೂನ್’ ಮಾರುಕಟ್ಟೆಗೆ ಬಂದಿತು.

ಅದರ ಕೆಲಸ ಇಷ್ಟೆ: ಸ್ವರ ಶ್ರುತಿಯಿಂದ ಕೂದಲೆಳೆಯಷ್ಟು ಜಾರಿದರೆ ಯಾರಿಗೂ ತಿಳಿಯದಂತೆ ಅದನ್ನು ಸ್ಥಾನಕ್ಕೆ ತಂದು ಕೂಡಿಸುವುದು. ಎಷ್ಟು ಬೇಗ ತಿದ್ದಬೇಕೆಂಬುದಕ್ಕೆ ಒಂದು ಕೀಲಿ ಉಂಟು. ನಿಧಾನಕ್ಕೆ ತಿದ್ದಿದರೆ ಹಾಡು ಸಹಜವಾಗಿಯೇ ಕೇಳುತ್ತದೆ. ಕೀಲಿಯನ್ನು ಸೊನ್ನೆಗೆ ತಿರುಗಿಸಿದರೋ, ಸ್ವರ ಸ್ವರದ ನಡುವಣ ಜಾರು ಅಳಿಸಿಹೋಗಿ, ಧ್ವನಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಪ್ಪಳಿಸುತ್ತದೆ. ತಾಮ್ರದ ಕೊಡದೊಳಗೆ ಯಾರೋ ಕುಳಿತು ಹಾಡಿದಂತಾಗುತ್ತದೆ. 1998ರಲ್ಲಿ ಶೇರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ಲೋಕ ಇದನ್ನು ಮೊದಲು ಕೇಳಿ ಬೆರಗಾಯಿತು. ಟಿ-ಪೇನ್ ಅದನ್ನು ಜೆನಿಫರ್ ಲೋಪೆಜಳ ಒಂದು ಹಾಡಿನಲ್ಲಿ ಕೇಳಿ, ಅದೇನೆಂದು ಬಹುಕಾಲ ಹುಡುಕಿ ಪತ್ತೆ ಹಚ್ಚಿದನು. ಎಲ್ಲರೂ ಒಂದೇ ಬಗೆಯಾಗಿ ಹಾಡುವ ಸಂತೆಯಲ್ಲಿ ತನಗೊಂದು ಬೇರೆ ದನಿ ಬೇಕೆಂಬುದು ಆತನ ಹಂಬಲವಾಗಿತ್ತು. ಹುಳುಕು ಮುಚ್ಚುವ ಬಣ್ಣವೆಂದು ಉಳಿದವರು ಗುಟ್ಟಾಗಿ ಬಳಿದುಕೊಳ್ಳುತ್ತಿದ್ದುದನ್ನು ಈತ ಹಬ್ಬದ ಓಕುಳಿಯಂತೆ ಬಹಿರಂಗವಾಗಿ ಎರಚಿಕೊಂಡನು. ಶ್ರುತಿ ತಪ್ಪಿದವನಿಗೆ ಅದು ಒಲಿಯುವುದೂ ಇಲ್ಲ. ಸ್ವರ ತನ್ನ ಸ್ಥಾನದ ಹತ್ತಿರವಿಲ್ಲದಿದ್ದರೆ ಯಂತ್ರವು ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟುತ್ತದೆ. ಆದರೆ ಇಷ್ಟೆಲ್ಲ ವಿವರವನ್ನು ಕೇಳುವ ತಾಳ್ಮೆ ಯಾರಿಗಿದೆ?

ಕೆಲಕಾಲ ಎಲ್ಲರಿಗೂ ಅದೇ ಬೇಕಾಯಿತು. 2008ರಲ್ಲಿ ಕಾನ್ಯೆ ವೆಸ್ಟ್ ಇಡೀ ಒಂದು ಧ್ವನಿಮುದ್ರಿಕೆಯನ್ನೇ ಆ ಯಂತ್ರದ ಮೂಲಕ ಹಾಡಿದನು. 2009ರಲ್ಲಿ ಟಿ-ಪೇನ್ ಹೆಸರಿನದೇ ಒಂದು ದೂರವಾಣಿ ಆಟಿಕೆ ಬಂದು, ಸ್ನಾನದ ಮನೆಯ ಗಾಯಕರೆಲ್ಲ ಟಿ-ಪೇನ್ ಆಗಿಬಿಟ್ಟರು. ಅದೇ ವರ್ಷ ಜೇ-ಝೀ ಎಂಬ ಪ್ರಸಿದ್ಧನು ಆಟೋ-ಟ್ಯೂನಿನ ಮರಣವನ್ನು ಸಾರುವ ಹಾಡನ್ನು ಹೊರತಂದನು. ಗಾಳಿ ತಿರುಗಿತು. ಕಾನ್ಯೆಗೆ ಅದು ಪ್ರಯೋಗವೆನ್ನಿಸಿಕೊಂಡಿತು. ಟಿ-ಪೇನನಿಗೆ ಅದು ಊರುಗೋಲೆನ್ನಿಸಿಕೊಂಡಿತು. ಲೋಕದ ನ್ಯಾಯದ ತಕ್ಕಡಿಯಲ್ಲಿ ಇಂಥ ವಿಚಿತ್ರಗಳು ಹೊಸದಲ್ಲ. 2013ರಲ್ಲಿ, ಆತನೇ ಮುಂದೆ ಹೇಳಿಕೊಂಡಂತೆ, ತಾನು ಬಹುವಾಗಿ ಗೌರವಿಸುತ್ತಿದ್ದ ಗಾಯಕಮಿತ್ರನೊಬ್ಬನು ವಿಮಾನದಲ್ಲಿ ಆತನನ್ನು ಕರೆದು, ನಿಜವಾದ ಗಾಯಕರ ಪಾಲಿನ ಸಂಗೀತವನ್ನು ನೀನು ಕೆಡಿಸಿಬಿಟ್ಟೆ ಎಂದನಂತೆ. ಶತ್ರುವಿನ ಬಾಯಿಂದ ಬಂದಿದ್ದರೆ ಒರಸಿ ಹಾಕಬಹುದಿತ್ತು. ಆ ಒಂದು ಮಾತು ಆತನನ್ನು ನಾಲ್ಕು ವರ್ಷ ಮನೋವ್ಯಥೆಗೆ ನೂಕಿತು.

ನಡುವೆ 2014ರಲ್ಲಿ ಅಮೆರಿಕೆಯ ಸಾರ್ವಜನಿಕ ಬಾನುಲಿ ಸಂಸ್ಥೆಯು ವಾಷಿಂಗ್ಟನ್ ನಗರದ ತನ್ನ ಕಚೇರಿಯಲ್ಲಿ ನಡೆಸುವ ಸಣ್ಣ ಕಛೇರಿಗೆ ಆತನನ್ನು ಕರೆಯಿತು. ಪುಸ್ತಕಗಳ ಕಪಾಟಿನ ಮುಂದೆ ಒಂದು ಮೇಜು. ಪಕ್ಕದಲ್ಲಿ ಕೀಬೋರ್ಡ್ ನುಡಿಸುವವನೊಬ್ಬ. ಯಂತ್ರವಿಲ್ಲದೆ ಆತ ತನ್ನವೇ ಮೂರು ಹಾಡುಗಳನ್ನು ಹಾಡಿದನು. ಲಕ್ಷಾಂತರ ಜನ ಅದನ್ನು ಕೇಳಿ ‘ಅರೆ, ಇವನಿಗೆ ಹಾಡಲು ಬರುತ್ತದೆ!’ ಎಂದು ಮೂಗಿನ ಮೇಲೆ ಬೆರಳಿಟ್ಟರು. ಆ ಹೊಗಳಿಕೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕು. ಹತ್ತು ವರ್ಷ ಹಾಡಿಯೇ ಬದುಕಿದವನಿಗೆ ‘ನಿನಗೆ ಹಾಡಲು ಬರುತ್ತದೆ’ ಎಂದು ಪ್ರಮಾಣಪತ್ರ ಕೊಡುವುದು, ಅರವತ್ತು ವರ್ಷ ಅಡಿಗೆ ಮಾಡಿದ ಅಜ್ಜಿಗೆ ‘ಸಾರು ಪರವಾಗಿಲ್ಲ’ ಎಂದಂತೆ. ಅಲ್ಲಿಯೂ ಜನರು ಕೇಳಿದ್ದು ಆತನ ಹೆಸರಿಗೆ ಹೋಲಿಸಿ. ಹೆಸರಿನ ಹಂಗಿಲ್ಲದೆ ಆತನ ಕೊರಳನ್ನು ಕೇಳಿದವರು ಇನ್ನೂ ಇರಲಿಲ್ಲ.

ರಾಕ್ಷಸನ ವೇಷ ಅದನ್ನು ದೊರಕಿಸಿಕೊಟ್ಟಿತು. ಆ ಒಂಟಿಕಣ್ಣಿನ ಹಿಂದೆ ಸೆಕೆ, ಉಸಿರುಗಟ್ಟುವಂಥ ಭಾರ; ಪ್ರಸಾರವಾಗುವವರೆಗೆ ತಿಂಗಳುಗಟ್ಟಲೆ ಮೌನವ್ರತ. ಬಹುಮಾನವಾದರೂ ಎಷ್ಟು? ಒಂದು ಬಂಗಾರ ಬಣ್ಣದ ಮುಖವಾಡ. ಆದರೂ ಕೋಟಿ ಜನರ ಎದುರಿಗೆ ಯಾರೂ ಅಲ್ಲದವನಾಗಿ ನಿಂತು ಹಾಡುವ ಅವಕಾಶ ಪ್ರಸಿದ್ಧನಾದವನಿಗೆ ಹಣ ಕೊಟ್ಟರೂ ಸಿಗುವಂಥದಲ್ಲ.

ಅಂತಿಮ ಸುತ್ತಿಗೆ ಉಳಿದವರು ಮೂವರು. ಜೇನುನೊಣದ ವೇಷದಲ್ಲಿದ್ದವಳು ಗ್ಲಾಡಿಸ್ ನೈಟ್. ಆಗ ಆಕೆಗೆ ಎಪ್ಪತ್ತನಾಲ್ಕು ವರ್ಷ. ಅರ್ಧ ಶತಮಾನದಿಂದ ಜನರ ಕಿವಿಯಲ್ಲಿ ನೆಲೆಸಿದ ಆ ಶಾರೀರವನ್ನು ಯಾವ ರೆಕ್ಕೆಪುಕ್ಕವೂ ಮರೆಸಲಾರದೆ ಹೋಯಿತು. ಮೊದಲ ಹಾಡಿಗೇ ಅನೇಕರು ಗುರುತು ಹಿಡಿದರು. ನವಿಲಿನೊಳಗಿದ್ದವನು ಡಾನಿ ಆಸ್ಮಂಡ್. ಈತನ ಪೂರ್ವಕಥೆಯೊಂದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. 1970ರ ದಶಕದಲ್ಲಿ ಶಾಲೆಯ ಹುಡುಗಿಯರ ಕಣ್ಮಣಿಯಾಗಿದ್ದ ಈತ ಬೆಳೆದ ಮೇಲೆ ಆ ಖ್ಯಾತಿಯೇ ಕೊರಳಿಗೆ ಉರುಳಾಯಿತು. ಹಲ್ಲು ಕಿರಿಯುವ ಚೆಲುವ ಬಾಲಕನ ಹಾಡನ್ನು ದೊಡ್ಡವರು ಕೇಳಿಯಾರೆ? 1989ರಲ್ಲಿ ಆತನ ‘ಸೋಲ್ಜರ್ ಆಫ್ ಲವ್’ ಎಂಬ ಹಾಡನ್ನು ಬಾನುಲಿಯವರು ಹೆಸರು ಹೇಳದೆ, ‘ಅಜ್ಞಾತ ಗಾಯಕ’ನದೆಂದು ಪ್ರಸಾರ ಮಾಡಿದರು. ಜನರು ಮೆಚ್ಚಿದರು, ಮತ್ತೆ ಮತ್ತೆ ಕೇಳಿದರು, ಹಾಡು ಅಮೆರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಗುಟ್ಟು ಹೊರಬಿದ್ದಾಗ ಮೆಚ್ಚಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯಿರಲಿಲ್ಲ. ಮೂವತ್ತು ವರ್ಷಗಳ ಹಿಂದೆಯೇ ಮುಖವಾಡದ ಉಪಕಾರವನ್ನು ಉಂಡವನು ಈಗ ನವಿಲಾಗಿ, ಅದೇ ಉಪಕಾರಕ್ಕೆ ಬಂದಿದ್ದ ರಾಕ್ಷಸನ ಪಕ್ಕದಲ್ಲಿ ನಿಂತಿದ್ದನು.

2019ರ ಫೆಬ್ರವರಿ 27. ಜೇನುನೊಣಕ್ಕೆ ಮೂರನೆಯ ಸ್ಥಾನ, ನವಿಲಿಗೆ ಎರಡನೆಯದು. ಗೆದ್ದವನೂ ಕೊನೆಗೆ ಮುಖ ತೋರಿಸಲೇಬೇಕಲ್ಲ. ಕೋಡಿನ ತಲೆಯನ್ನು ಮೇಲಕ್ಕೆತ್ತಿದಾಗ ಒಳಗಿಂದ ಬೆವರಿದ ಮುಖವೊಂದು ಕಂಡಿತು, ಸಭೆಯಲ್ಲಿ ಉದ್ಗಾರವೆದ್ದಿತು. ವಾರಗಟ್ಟಲೆ ಆ ಶಾರೀರವನ್ನು ಹೊಗಳಿದ್ದವರಲ್ಲಿ, ಟಿ-ಪೇನನಿಗೆ ಹಾಡಲು ಬಾರದೆಂದು ಎಂದೋ ತೀರ್ಪು ಕೊಟ್ಟವರೂ ಇದ್ದಿರಲೇಬೇಕು. ಆ ರಾತ್ರಿ ಅವರವರ ಮನೆಗಳಲ್ಲಿ ಗಂಡಹೆಂಡಿರ ನಡುವೆ ನಡೆದಿರಬಹುದಾದ ಸಂಭಾಷಣೆಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಟಿ-ಪೇನ್ ವ್ಯವಹಾರಜ್ಞಾನವಿಲ್ಲದ ಸಾಧುವೇನೂ ಅಲ್ಲ. ಗೆಲುವು ಪ್ರಸಾರವಾದ ದಿನವೇ ಆತನ ಹೊಸ ಧ್ವನಿಮುದ್ರಿಕೆಯೂ ಹೊರಬಂದಿತು. ಅದರಲ್ಲಿ ಹಳೆಯ ಗೆಳೆಯನಾದ ಯಂತ್ರವನ್ನು ಆತ ಕೈಬಿಟ್ಟಿರಲೂ ಇಲ್ಲ. ಬಿಡಬೇಕಾದರೂ ಏಕೆ? ವೀಣೆಯನ್ನು ಬಲ್ಲವನು ಪಿಟೀಲು ಬಾರಿಸಿದರೆ ಯಾರೂ ಕ್ಷಮೆ ಕೇಳುವುದಿಲ್ಲ.

ಯಂತ್ರವನ್ನು ಬದಿಗಿಟ್ಟ ಮುದ್ರಿಕೆ ಬಂದದ್ದು 2023ರಲ್ಲಿ. ಅದರ ತುಂಬ ಬೇರೆಯವರು ಹಾಡಿ ಹೆಸರಾದ ಗೀತೆಗಳು. 1970ರಲ್ಲಿ ಬ್ಲ್ಯಾಕ್ ಸ್ಯಾಬತ್ ತಂಡದವರು ಹಾಡಿದ್ದ ‘ವಾರ್ ಪಿಗ್ಸ್’ ಕೂಡ ಅದರಲ್ಲಿದೆ. ಮೊದಲು ಅದನ್ನು ಹಾಡಿದ ಆಝಿ ಆಸ್ಬರ್ನ್ ಈತನ ಹಾಡಿಕೆಯನ್ನು ಕೇಳಿ ಬಹಿರಂಗವಾಗಿಯೇ ಕೊಂಡಾಡಿದನು. ಅದೇ ಮುದ್ರಿಕೆಯಲ್ಲಿ ‘ಸ್ಟೇ ವಿತ್ ಮಿ’ಯೂ ಇದೆ. ಈ ಸಲ ಕೋಡಿಲ್ಲ, ಒಂಟಿಕಣ್ಣಿಲ್ಲ. ಮೇಲೆ ಟಿ-ಪೇನ್ ಎಂದೇ ಬರೆದಿದೆ.