ಇಳಿಜಾರಿನಲ್ಲಿ ಗೇರು

ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಲೋಕರೂಢಿಯ ಮಾತು. ಬೆಟ್ಟದ ದಾರಿಯಲ್ಲಿ ಕಾರು ನಡೆಸುವವರಿಗೆ ಈ ಮಾತು ಸಲ್ಲದು. ಏರುವಾಗ ಗೇರು ತಪ್ಪಿದರೆ ಎಂಜಿನ್ ನಿಲ್ಲುತ್ತದೆ. ಬ್ರೇಕ್ ಹಿಡಿದರೆ ಕಾರೂ ನಿಲ್ಲುತ್ತದೆ. ಇಳಿಯುವಾಗ ತಪ್ಪಿದರೆ ಕಾರನ್ನು ನಿಲ್ಲಿಸುವುದೇ ಕಷ್ಟವಾಗುತ್ತದೆ.

ನಮ್ಮ ಕುರೆಕುಪ್ಪ ತೋರಣಗಲ್ಲಿನ ಮಗ್ಗುಲಲ್ಲಿರುವ ಬಯಲೂರು. ಇಲ್ಲಿ ಚಾಲನೆ ಕಲಿತವರಿಗೆ ನೇರ ರಸ್ತೆಯೇ ಅಭ್ಯಾಸ. ಆದರೆ ಸಂಡೂರಿನ ಕಡೆಗೆ ಹೊರಟೊಡನೆ ಬೆಟ್ಟಸಾಲು ಎದುರಾಗುತ್ತದೆ. ಸಂಡೂರನ್ನು ದಾಟಿ ಕುಮಾರಸ್ವಾಮಿಯ ಸನ್ನಿಧಿಗೂ ಚಾಲುಕ್ಯರ ಕಾಲದ ಪಾರ್ವತಿ ಗುಡಿಗೂ ಹೋಗುವ ದಾರಿ ತಿರುವುಗಳಿಂದಲೇ ಕೂಡಿದೆ. ಮೇಲಾಗಿ ಇದು ಅದಿರಿನ ಸೀಮೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯಾಜ್ಞೆ ನೀಡಿದಾಗ ಲಾರಿಗಳ ಸಂಚಾರ ತಗ್ಗಿತ್ತು. ಮುಂದೆ ನಿಬಂಧನೆಗಳೊಡನೆ ಗಣಿಗಳು ತೆರೆದವು, ಲಾರಿಗಳೂ ಮರಳಿದವು. ರಸ್ತೆಯ ಮೇಲೆ ಕೂತ ಕೆಂಧೂಳು ಮೊದಲ ಹನಿ ಬಿದ್ದೊಡನೆ ಜಾರುವ ಕೆಸರಾಗುವುದನ್ನು ಈ ಭಾಗದವರೆಲ್ಲ ಬಲ್ಲರು.

ನಮ್ಮ ಮನೆಗೆ ಮೊದಲು ಬಂದದ್ದು ಅಂಬಾಸಿಡರ್, ಆಮೇಲೆ ಮಾರುತಿ 800. ಇವೆರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಅಂಬಾಸಿಡರ್ ನಡೆಸುತ್ತಿದ್ದ ನಮ್ಮ ತಂದೆಯವರು ಬೆಟ್ಟದ ಮೇಲಿನಿಂದ ಹೊರಡುವ ಮೊದಲೇ, ಸ್ಟೀರಿಂಗ್ ಕಂಬದಲ್ಲಿದ್ದ ಹಿಡಿಯನ್ನು ಎಳೆದು ಎರಡನೆಯ ಗೇರಿಗೆ ಹಾಕಿಬಿಡುತ್ತಿದ್ದರು. ಏರಿದ ಗೇರಿನಲ್ಲೇ ಇಳಿಯಬೇಕು ಎಂಬುದು ಅವರ ನಿಯಮ. ಎಂಜಿನ್ ಗುರುಗುಟ್ಟುತ್ತ ನಿಧಾನವಾಗಿ ಇಳಿಯುವಾಗ ಹಿಂದೆ ಕುಳಿತ ನಮಗೆ ಬೇಸರ. ಅದರ ಬೆಲೆ ತಿಳಿದದ್ದು ಬಹುಕಾಲದ ನಂತರ.

ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಬೆಟ್ಟದಿಂದ ಹಿಂತಿರುಗುತ್ತಿದ್ದೆವು. ಚಾಲನೆಯಲ್ಲಿದ್ದವನು ತಮ್ಮನ ಮಗ. ಹಿಂದಿನ ಸೀಟಿನಲ್ಲಿ ನಮ್ಮ ವೃದ್ಧ ತಾಯಿ, ಆತನ ಹೆಂಡತಿ, ಆಕೆಯ ಮಡಿಲಲ್ಲಿ ಎಂಟು ತಿಂಗಳ ಕೂಸು. ಇಳಿಜಾರು ಬಂದೊಡನೆ ಹುಡುಗ ಗೇರನ್ನು ನ್ಯೂಟ್ರಲ್‌ಗೆ ತಂದ. ಪೆಟ್ರೋಲ್ ಉಳಿಯುತ್ತದೆಂಬುದು ಅವನ ಲೆಕ್ಕ. ಮೂರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ಬ್ರೇಕಿನ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದೆ ಎಂದು ಅವನೇ ಮೆಲ್ಲನೆ ಹೇಳಿದ. ಗೇರಿಗೆ ಹಾಕಿ ಬದಿಗೆ ನಿಲ್ಲಿಸೆಂದೆವು. ಮೂರನೆಯ ಗೇರು, ಎರಡನೆಯ ಗೇರು, ಕೊನೆಗೆ ಕೈಬ್ರೇಕ್. ಕಾರು ಬೆಟ್ಟದ ಗೋಡೆಯ ಪಕ್ಕ ನಿಂತಿತು. ಚಕ್ರದ ಹಿಂದೆ ಕಲ್ಲಿಡಬೇಡ, ಇಳಿಜಾರಿನ ಕಡೆ, ಮುಂದೆ ಇಡು ಎಂದು ತಾಯಿಯವರೇ ಹೇಳಿದರು! ಕಾದ ಚಕ್ರಕ್ಕೆ ನೀರು ಹೊಯ್ಯಗೊಡದೆ ಅರ್ಧ ಗಂಟೆ ಕಾದೆವು.

ಆ ಅರ್ಧ ಗಂಟೆಯಲ್ಲಿ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ. ಬ್ರೇಕ್ ಎಂದರೆ ವೇಗವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಅದನ್ನು ಎಡೆಬಿಡದೆ ಒತ್ತಿದರೆ ಶಾಖ ಹೊರಹೋಗಲು ಬಿಡುವಿರುವುದಿಲ್ಲ, ಹಿಡಿತ ಕುಂದುತ್ತದೆ. ಬ್ರೇಕ್ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಕೆಳ ಗೇರಿನಲ್ಲಿದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಪ್ರತಿರೋಧವೇ ಕಾರನ್ನು ತಡೆಯುತ್ತದೆ. ಬ್ರೇಕಿಗೆ ವಿಶ್ರಾಂತಿ ದೊರೆಯುತ್ತದೆ.

ಇನ್ನು ಪೆಟ್ರೋಲಿನ ಮಾತು. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿಯೇ ಇಳಿಯುವಾಗ ಸಾಮಾನ್ಯವಾಗಿ ಇಂಧನ ತಾನಾಗಿ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಉಸಿರಾಡುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ನನ್ನೇ ಆರಿಸುವುದಂತೂ ಮಹಾ ಅಪಾಯ: ಬ್ರೇಕಿಗೂ ಸ್ಟೀರಿಂಗಿಗೂ ಇರುವ ಬೆಂಬಲ ಹೋಗುತ್ತದೆ, ಕೀಲಿ ತೆಗೆದರೆ ಸ್ಟೀರಿಂಗ್ ಬಿಗಿದುಕೊಳ್ಳಲೂಬಹುದು.

ಉಳಿದ ದಾರಿಯನ್ನು ಹುಡುಗ ಎರಡನೆಯ ಗೇರಿನಲ್ಲಿ ಇಳಿಸಿದ. ಕುರುಡು ತಿರುವಿನಲ್ಲಿ ಹಾರ್ನ್ ಮಾಡಿದ. ಇಕ್ಕಟ್ಟಿನಲ್ಲಿ ಏರಿಬರುತ್ತಿದ್ದ ಬಸ್ಸಿಗೆ ಬದಿಗೆ ನಿಂತು ದಾರಿ ಬಿಟ್ಟ. ಇದು ಬರಿಯ ಸೌಜನ್ಯವಲ್ಲ; ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವವನು ನಿಂತು ಏರುವವನಿಗೆ ಎಡೆಗೊಡಬೇಕೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಏರಿನಲ್ಲಿ ನಿಂತ ಭಾರದ ವಾಹನ ಮತ್ತೆ ಹೊರಡಲು ಪಡುವ ಪಾಡನ್ನು ಕಂಡವರಿಗೆ ಅದರ ನ್ಯಾಯ ತಿಳಿಯುತ್ತದೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಹೊಸ ಯಂತ್ರಗಳ ವಿಷಯ ಮಕ್ಕಳಿಗೇ ಚೆನ್ನಾಗಿ ಗೊತ್ತೆಂದು ಹಿರಿಯರು ಹಿಂದಿನ ಸೀಟಿನಲ್ಲಿ ಮೌನವಾಗಿ ಕೂರುವುದು ಈಗ ವಾಡಿಕೆಯಾಗಿದೆ. ಫೋನಿನ ವಿಷಯದಲ್ಲಿ ಮೌನ ಒಪ್ಪೀತು; ಇಳಿಜಾರಿನಲ್ಲಿ ಒಪ್ಪದು. ಬೆಟ್ಟಕ್ಕೆ ಹೊರಡುವ ಮೊದಲು ಬ್ರೇಕ್ ಎಣ್ಣೆಯನ್ನು ಪರೀಕ್ಷಿಸಿದೆಯಾ ಎಂದು ಕೇಳಿರಿ. ಇಳಿಯುವ ಮೊದಲು ಯಾವ ಗೇರಿನಲ್ಲಿರುವೆ ಎಂದು ಕೇಳಿರಿ. ಮಕ್ಕಳಿಗೆ ಕ್ಷಣಕಾಲ ಮುಜುಗರವಾಗಬಹುದು, ಆಗಲಿ. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ.