ಕಂಬಳಿ ಚೂರು ಮತ್ತು ಕುದುರೆ ಸವಾರಿ

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಏಳನೆಯ ತರಗತಿ ಓದುತ್ತಾಳೆ. ಈ ಡಿಸೆಂಬರಿನಿಂದ ಭಾನುವಾರದ ಬೆಳಗಿನ ಜಾವ ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅಜ್ಜಾ, ಸ್ವೆಟರ್ ಹಾಕಿದ್ರೆ ಮೈ ಬೆಚ್ಚಗಿರುತ್ತೆ. ಕಾಲು ಮಾತ್ರ ಕಲ್ಲಾಗಿಬಿಡುತ್ತೆ. ಎರಡು ಜೊತೆ ಸಾಕ್ಸ್ ಹಾಕ್ಕೊಂಡ್ರೂ ಅಷ್ಟೇ!" ಎಂದಳು.

ನನಗೆ ನಗು ಬಂತು. ಬಿ.ಕಾಂ. ಓದಿ ಜೀವಮಾನವೆಲ್ಲ ಬ್ಯಾಂಕಿನ ಲೆಡ್ಜರಿನ ಮುಂದೆ ಕುಳಿತವನನ್ನು ಕುದುರೆ ಸವಾರಿಯ ಬಗ್ಗೆ ಯಾರು ಕೇಳುತ್ತಾರೆ? ಆದರೆ ಈ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಅದನ್ನು ನಾನು ಕಲಿತದ್ದು 1981ರ ಡಿಸೆಂಬರಿನಲ್ಲಿ, ಒಂದು ದಡ್ಡಿಯಲ್ಲಿ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ದಡ್ಡಿ ಎಂಬ ಊರೇ ಇದೆ. ನಾನು ಹೇಳುತ್ತಿರುವುದು ಆ ಊರಿನ ಮಾತಲ್ಲ. ಕುರಿಗಳನ್ನು ರಾತ್ರಿ ಕೂಡಿಹಾಕುವ ಆವರಣಕ್ಕೂ ದಡ್ಡಿ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುರಿಗಾರರು ಮಳೆಗಾಲ ಮುಗಿದ ಮೇಲೆ ಮೇವು ಹುಡುಕಿಕೊಂಡು ಊರೂರು ಸುತ್ತುತ್ತಾರೆ. ರಾತ್ರಿಯಾದರೆ ಯಾರಾದರೂ ರೈತರ ಹೊಲದಲ್ಲಿ ಗೂಟ ನೆಟ್ಟು, ಬಲೆ ಕಟ್ಟಿ, ಒಳಗೆ ಕುರಿ ನಿಲ್ಲಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ ಬಿದ್ದಿರುತ್ತದೆ. ಅದಕ್ಕೆ ಪ್ರತಿಯಾಗಿ ರೈತರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಗೂಟ, ಬಲೆ, ಪಾತ್ರೆ, ಕೋಳಿ, ನಡೆಯಲಾರದ ಮರಿ, ಎಲ್ಲವನ್ನೂ ಹೊರುವುದು ಗಿಡ್ಡ ಕುದುರೆಗಳು.

ಆಗ ಬಡವರಿಗೆ ಸಬ್ಸಿಡಿ ಸಾಲ ಕೊಡುವ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ ಎಲ್ಲ ಕಡೆ ಬಂದಿತ್ತು. ಒಬ್ಬ ಕುರಿಗಾರರು 20 ಕುರಿ, 1 ಟಗರು ಕೊಳ್ಳಲು ಅರ್ಜಿ ಹಾಕಿದ್ದರು. ಅವರಲ್ಲಿ ಈಗಾಗಲೇ ಎಷ್ಟು ಕುರಿಗಳಿವೆ ಎಂದು ಎಣಿಸಿ ಬರಬೇಕಿತ್ತು. ಹೋಗಬೇಕಾದ ಅಧಿಕಾರಿಗೆ ಜ್ವರ. ಗುಮಾಸ್ತನಾದ ನನ್ನನ್ನು ಕಳಿಸಿದರು. ಕುರಿ ಮೇಯಲು ಹೊರಡುವ ಮೊದಲೇ ಎಣಿಸಬೇಕಲ್ಲ? ಅದಕ್ಕೆ ಹಿಂದಿನ ರಾತ್ರಿಯೇ ಮೂಡಲಗಿ ಹತ್ತಿರದ ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋಗಿ ಮಲಗಿದೆ. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನೊಳಗೇ ಇತ್ತು.

ಬೆಳಗಿನ ಐದು ಗಂಟೆಗೆ ಹನ್ನೆರಡು ವರ್ಷದ ಒಬ್ಬ ಹುಡುಗ ಕುದುರೆ ಹಿಡಿದುಕೊಂಡು ಬಂದ. ಜೀನಿಲ್ಲ, ರಿಕಾಪಿಲ್ಲ; ಬೆನ್ನ ಮೇಲೆ ಮಡಿಚಿ ಹಾಕಿದ ಕಂಬಳಿಯೊಂದೇ. ನಾನು ಬೂಟು ಮಿಂಚಿಸಿಕೊಂಡು, ಹೊಸ ನೈಲಾನ್ ಕಾಲುಚೀಲ ಹಾಕಿಕೊಂಡು, ದೊಡ್ಡ ಸಾಹೇಬರ ಗತ್ತಿನಲ್ಲಿ ಹತ್ತಿದೆ. ದಡ್ಡಿಗೆ ಐದು ಮೈಲಿ.

ನಮ್ಮ ಕಡೆ ಹಿಮ ಬೀಳುವುದಿಲ್ಲ, ನಿಜ. ಆದರೆ ಡಿಸೆಂಬರಿನ ಇಬ್ಬನಿ ಸಾಮಾನ್ಯವಲ್ಲ. ಕುದುರೆ ಗಿಡ್ಡ, ನನ್ನ ಕಾಲು ಉದ್ದ. ಕಾಲುದಾರಿಯ ಎರಡೂ ಕಡೆಯ ಜೋಳದ ಎಲೆಗಳು ಬೂಟು ಸವರುತ್ತ ಹೋದವು. ಒಂದು ಹಳ್ಳ ದಾಟುವಾಗ ನೀರು ಬೂಟಿನೊಳಗೇ ಹೊಕ್ಕಿತು. ಮೊದಲು ಬೆರಳು ಚುಚ್ಚಿದವು, ಆಮೇಲೆ ನೋವಾದವು, ಕೊನೆಗೆ ಏನೂ ಅನ್ನಿಸಲಿಲ್ಲ. ಕಾಲು ಬೆಚ್ಚಗಾಯಿತೆಂದು ನಾನು ತಿಳಿದೆ!

ಪೂರ್ವ ಕೆಂಪಾಗುವ ಹೊತ್ತಿಗೆ ದಡ್ಡಿ ಬಂತು. ಇಳಿದೆ. ಕಾಲು ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ. ಧೊಪ್ಪನೆ ಬಲೆಯ ಮೇಲೆ ಬಿದ್ದೆ. ಗೂಟ ಕಿತ್ತಿತು, ನಾಯಿ ಬೊಗಳಿತು, ಕುರಿಗಳೆಲ್ಲ ದಿಕ್ಕಾಪಾಲು. ಎಣಿಸಲು ಬಂದವನೇ ಎಣಿಕೆ ಕೆಡಿಸಿದೆ. ಅವನ್ನು ಮತ್ತೆ ಕೂಡಿಹಾಕಲು ಮನೆಮಂದಿಗೆಲ್ಲ ಒಂದು ತಾಸು ಹಿಡಿಯಿತು. ಆ ದಿನದ ಮೇವಿನ ಹೊತ್ತಿನಲ್ಲಿ ಅಷ್ಟು ಕಡಿಮೆಯಾಯಿತು. ಆದರೂ ಒಬ್ಬರೂ ನನಗೆ ಒಂದು ಬಿರುಸು ಮಾತು ಆಡಲಿಲ್ಲ.

ನಾನು ಬೂಟು ಕಳಚಿ ಕಾಲನ್ನು ಒಲೆಯ ಉರಿಗೆ ಚಾಚಿದೆ. ಅಲ್ಲಿದ್ದ ಮುದುಕಿ ಓಡಿ ಬಂದಳು. "ಯಪ್ಪಾ, ಬೆಂಕಿ ಹತ್ತರ ಒಯ್ಯಬ್ಯಾಡ! ಜೋಮ ಹಿಡದ ಕಾಲಿಗೆ ಸುಟ್ಟಿದ್ದ ತಿಳಿಯೂದಿಲ್ಲ" ಎಂದಳು. ಒಣ ಬಟ್ಟೆಯಿಂದ ಕಾಲು ಒರೆಸಿ, ಹಳೆಯ ಕಂಬಳಿ ಚೂರು ಸುತ್ತಿದಳು. ಆಮೇಲೆ ಎರಡು ಕುರಿಮರಿಗಳನ್ನು ಎತ್ತಿ ತಂದು ನನ್ನ ಪಾದದ ಮೇಲೆ ಮಲಗಿಸಿದಳು. ಕುರಿಯ ಮೈ ಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್, ನಮ್ಮ ಮೈಗಿಂತ ಹೆಚ್ಚು. ಅಂಥ ಹಿತವಾದ ಕಾಲುಚೀಲ ಯಾವ ಅಂಗಡಿಯಲ್ಲೂ ಸಿಗದು.

ಮಕ್ಕಳೇ, ಕಾಲೇ ಯಾಕೆ ಮೊದಲು ತಣ್ಣಗಾಗುತ್ತದೆ ಗೊತ್ತೇ? ಚಳಿಯಾದಾಗ ದೇಹ ಎದೆ, ಹೊಟ್ಟೆಯೊಳಗಿನ ಮುಖ್ಯ ಅಂಗಗಳನ್ನು ಬೆಚ್ಚಗಿಡಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ನಡೆಯುವವನ ಕಾಲಿನ ಸ್ನಾಯುಗಳು ದುಡಿದು ಶಾಖ ಹುಟ್ಟಿಸುತ್ತವೆ. ಸವಾರನ ಪಾದ ಸುಮ್ಮನೆ ತೂಗಾಡುತ್ತದೆ. ಕಬ್ಬಿಣದ ರಿಕಾಪು ಇದ್ದರೆ ಅದೂ ಪಾದದ ಶಾಖ ಹೀರುತ್ತದೆ. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡಲು ಇನ್ನೂ ಕಷ್ಟ; ಬಿಸಿ ಹಿಡಿದಿಡುವ ಗಾಳಿಗೂ ಒಳಗೆ ಜಾಗವಿರುವುದಿಲ್ಲ. ಉಣ್ಣೆಯ ಎಳೆ ಗುಂಗುರು. ಆ ಗುಂಗುರಿನ ನಡುವೆ ಗಾಳಿ ನಿಲ್ಲುತ್ತದೆ, ಗಾಳಿ ಬಿಸಿಯನ್ನು ಹೊರಬಿಡುವುದಿಲ್ಲ. ಸ್ವಲ್ಪ ಬೆವರು, ತೇವ ತಗುಲಿದರೂ ಉಣ್ಣೆ ಅದನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ. ಮಂಗೋಲಿಯಾದ ಸವಾರರೂ ಬೂಟಿನೊಳಗೆ ಉಣ್ಣೆಯನ್ನು ಒತ್ತಿ ಮಾಡಿದ ಕಾಲುಚೀಲ ಹಾಕುತ್ತಾರೆ. ನಮ್ಮ ದಡ್ಡಿಯ ಅಜ್ಜಿಗೆ ಮಂಗೋಲಿಯಾ ಗೊತ್ತಿರಲಿಲ್ಲ, ಕುರಿ ಗೊತ್ತಿತ್ತು.

ಎಣಿಕೆ ಮುಗಿಸಿ, ಬಿಸಿ ಸಜ್ಜಿ ರೊಟ್ಟಿ ತಿಂದು ಹೊರಟೆ. ಅಜ್ಜಿ ಬರಿಗಾಲಿಗೆ ಕಂಬಳಿ ಚೂರನ್ನು ಸಡಿಲವಾಗಿ ಸುತ್ತಿ, ಒದ್ದೆ ಬೂಟನ್ನು ಕೈಗೆ ಕೊಟ್ಟಳು. "ಅರ್ಧ ಹಾದಿಗೆ ಇಳದ ನಡಿಯಪಾ, ಕಾಲ ತಾವ ಬಿಸಿ ಆಗ್ತಾವ" ಎಂದಳು. ಅಲ್ಲಿಯವರೆಗೂ ಕುರಿಯ ವಾಸನೆಗೆ ಮೂಗು ಮುರಿಯುತ್ತಿದ್ದ ನಾನು ಆ ಕಂಬಳಿಯನ್ನು ಬಿಡಲೊಲ್ಲದವನಾಗಿದ್ದೆ.

ಅರ್ಧ ಹಾದಿಗೆ ಇಳಿದೆ. ಆಗ ಕಣ್ಣಿಗೆ ಬಿದ್ದವು, ಲಗಾಮು ಹಿಡಿದ ಹುಡುಗನ ಕಾಲು. ಬರಿಗಾಲು. ಹಿಮ್ಮಡಿ ಒಡೆದು ಬಿರುಕಿನಲ್ಲಿ ಕೆಸರು ತುಂಬಿತ್ತು. ನಾನು ಕುದುರೆಯ ಮೇಲೆ ಕುಳಿತು ಚಳಿಯೆಂದು ನರಳಿದ ಐದು ಮೈಲಿಯನ್ನೂ ಅವನು ಅದೇ ಇಬ್ಬನಿಯಲ್ಲಿ, ಅದೇ ಹಳ್ಳದಲ್ಲಿ ನಡೆದಿದ್ದ. ನನ್ನನ್ನು ಕರೆಯಲು ಬರುವಾಗ ಮತ್ತೊಂದು ಐದು ಮೈಲಿ, ಕತ್ತಲಲ್ಲಿ. ಕುರಿಗಳ ಲೆಕ್ಕ ಬರೆದವನು ಅವನ ಕಾಲು ನೋಡಿರಲಿಲ್ಲ. "ನೀನು ಕುದುರೆ ಹತ್ತು, ನಾನು ನಡೆಯುತ್ತೇನೆ" ಎಂದೆ. ಅವನು ಕೇಳಲಿಲ್ಲ. "ಲೆಕ್ಕಾ ಬರೋಬ್ಬರಿ ಬರೀರಿ ಸಾಹೇಬ್ರ, ಅಷ್ಟ ಸಾಕು" ಎಂದ.

ಲೆಕ್ಕ ಸರಿಯಾಗಿಯೇ ಬರೆದೆ. ಸಾಲವೂ ಮಂಜೂರಾಯಿತು. ಸಂಕ್ರಾಂತಿಯ ಹೊತ್ತಿಗೆ ಆ ಹುಡುಗನ ಅಳತೆ ಅಂದಾಜು ಮಾಡಿ ಚಪ್ಪಲಿ ಕೊಂಡು ಅದೇ ಹೊಲಕ್ಕೆ ಹೋದೆ. ದಡ್ಡಿ ಇರಲಿಲ್ಲ. ಗೂಟದ ಕುಣಿ, ಒಲೆಯ ಬೂದಿ, ಹಿಕ್ಕೆಯ ಗೊಬ್ಬರ, ಇಷ್ಟೇ ಉಳಿದಿತ್ತು. ಚಪ್ಪಲಿಯನ್ನು ಹೊಲದ ಯಜಮಾನರ ಕೈಗೆ ಕೊಟ್ಟು, ಅವರು ತಿರುಗಿ ಬಂದಾಗ ಕೊಡಿ ಎಂದೆ. ಮುಂದೆ ನನಗೆ ವರ್ಗವಾಯಿತು. ಚಪ್ಪಲಿ ಅವನಿಗೆ ಮುಟ್ಟಿತೋ ಇಲ್ಲವೋ! ಮುಟ್ಟಿದ್ದರೂ ಅಷ್ಟರಲ್ಲಿ ಅವನ ಕಾಲು ಬೆಳೆದಿರಬೇಕು.

ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದೆ: "ಒಂದೇ ಜೊತೆ ಉಣ್ಣೆಯ ಕಾಲುಚೀಲ ಹಾಕು. ಬೂಟಿನಲ್ಲಿ ಬೆರಳು ಆಡುವಷ್ಟು ಜಾಗವಿರಲಿ. ಆದರೆ ರಿಕಾಪಿನಲ್ಲಿ ಸಿಕ್ಕಿಕೊಳ್ಳುವಷ್ಟು ದಪ್ಪ ಬೂಟು ಬೇಡ, ಬಿದ್ದರೆ ಅಪಾಯ. ಒದ್ದೆಯಾದರೆ ತಕ್ಷಣ ಬದಲಿಸು. ನಡುನಡುವೆ ಗುರುಗಳನ್ನು ಕೇಳಿ ಇಳಿದು ನಡೆ. ಮತ್ತೆ, ನಿನ್ನ ಕುದುರೆ ಹಿಡಿದು ನಡೆಯುವವರ ಕಾಲಿನಲ್ಲಿ ಏನಿದೆ ಅಂತ ನೋಡಿ ಹೇಳು."

ಮುಂದಿನ ಭಾನುವಾರ ಅವಳೇ ಫೋನ್ ಮಾಡಿದಳು. "ಅಜ್ಜಾ, ಹವಾಯಿ ಚಪ್ಪಲಿ. ಒದ್ದೆಯಾಗಿತ್ತು."

"ಹಾಗಾದರೆ ಎರಡು ಜೊತೆ ಕಾಲುಚೀಲ ತಗೋ," ಎಂದೆ. "ಎರಡನೆಯದು ನಿನಗಲ್ಲ."