ಚಕ್ರದ ಔಟ್

ಆಗಸ್ಟ್ 15ಕ್ಕೆ ಪತ್ರಿಕಾ ಕಚೇರಿಗಳಿಗೆ ರಜೆ, ಹಾಗಾಗಿ 16ರ ಬೆಳಿಗ್ಗೆ ಪೇಪರ್ ಇಲ್ಲ. ಬೈಕುಲ್ಲಾದ ಗಲ್ಲಿಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಪೇಪರ್ ಹಾಕುತ್ತಿರುವ, ಇಂಡಿ ತಾಲ್ಲೂಕಿನಿಂದ ಬಂದ ಆ ಮನುಷ್ಯನಿಗೆ ವರ್ಷದಲ್ಲಿ ಸಿಗುವ ಬೆರಳೆಣಿಕೆಯ ರಜೆಗಳಲ್ಲಿ ಇದೊಂದು. ಈ ಸಲ ಅವನು ಮಲಗಲಿಲ್ಲ. ಚಾಳಿನ ಕೋಣೆಯಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ, ಹಬ್ಬು, ರಿಮ್ಮು, 40 ಹೊಸ ಕಡ್ಡಿಗಳನ್ನು ಹಳೆಯ ಪೇಪರಿನ ಮೇಲೆ ಹರಡಿಕೊಂಡು ಕೂತ.

ಮೂರು ತಿಂಗಳಿಂದ ವಾರಕ್ಕೊಂದು ಕಡ್ಡಿ ಮುರಿಯುತ್ತಿತ್ತು. ಮುರಿದರೆ ಚಕ್ರ ಔಟಾಗಿ ಓಲಾಡುತ್ತದೆ, ಬ್ರೇಕಿಗೆ ಉಜ್ಜುತ್ತದೆ, ಮುಂದೆ ತಳ್ಳಿಕೊಂಡೇ ಹೋಗಬೇಕು. ಏಳು ಗಂಟೆ ದಾಟಿ ಬಾಗಿಲಿಗೆ ಬಂದ ಪೇಪರು ಅರ್ಧ ರದ್ದಿ. 2020ರ ಲಾಕ್‌ಡೌನಿನಲ್ಲಿ ಮನೆಮನೆಗೆ ಹಾಕುವುದೇ ನಿಂತಿತ್ತು. ಆಮೇಲೆ ಶುರುವಾದರೂ ಎಷ್ಟೋ ಮನೆಗಳು ಮತ್ತೆ ಪೇಪರ್ ಕೇಳಲಿಲ್ಲ. ಉಳಿದವನ್ನು ಕಳೆದುಕೊಂಡರೆ ಮಗಳ ಡಿಪ್ಲೊಮಾ ಫೀಸಿಗೇ ಪೆಟ್ಟು. ರಿಪೇರಿ ಅಂಗಡಿಯವನದು ಒಂದೇ ಮಾತು: ಇಪ್ಪತ್ತೆಂಟು ಇಂಚಿನ ಚಕ್ರ ಕಟ್ಟಲು ಈಗ ಪುರುಸೊತ್ತು ಯಾರಿಗಿದೆ?

ಅವನಿಗೆ ಒಗಟಾಗಿದ್ದು ಬೇರೆ. ಕ್ಯಾರಿಯರಿನ ಭಾರ ಮೊದಲಿನ ಅರ್ಧಕ್ಕೆ ಇಳಿದಿದೆ. ಕಡ್ಡಿ ಮಾತ್ರ ಮೊದಲಿಗಿಂತ ಹೆಚ್ಚು ಮುರಿಯುತ್ತಿವೆ. ಬಿಗಿ ಇದ್ದರೆ ಹರಿಯುತ್ತವೆಂದು ಅವನೇ ಪ್ರತಿ ಮಳೆಗಾಲದಲ್ಲಿ ನಿಪ್ಪಲ್‌ಗಳನ್ನು ತುಸು ಸಡಿಲಿಸುತ್ತ ಬಂದಿದ್ದ.

"ಸಡಲ ಬಿಟ್ಟಿದ್ದಕ್ಕ ಮುರೀತಾವ, ಅಪ್ಪಾ," ಎಂದಳು ಮಗಳು.

ಎತ್ತಿನ ಬಂಡಿಯ ಗಾಲಿ ಮರದ ಅರಗಳ ಮೇಲೆ, ಕಾಲೂರಿದ ಹಾಗೆ ನಿಲ್ಲುತ್ತದೆ. ಎರಡು ಮಿಲಿಮೀಟರ್ ದಪ್ಪದ ತಂತಿ ಹಾಗೆ ನಿಲ್ಲಲಾರದು, ಒತ್ತಿದರೆ ಬಾಗುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿಯುವುದು. ಭಾರ ಬಿದ್ದಾಗ ನೆಲದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ತುಸು ಕಡಿಮೆಯಾಗುತ್ತದೆ, ಉಳಿದವುಗಳಲ್ಲಿ ಹೆಚ್ಚೇನೂ ಬದಲಾಗದು. ಜಾಬ್ಸ್ಟ್ ಬ್ರಾಂಟ್ ಎಂಬ ಅಮೆರಿಕದ ಎಂಜಿನಿಯರ್ 1981ರ ತನ್ನ ಪುಸ್ತಕದಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದ್ದಾನೆ. ಮೊದಲೇ ಸಡಿಲವಿದ್ದ ಕಡ್ಡಿ ಕೆಳಗೆ ಬಂದಾಗಲೆಲ್ಲ ಪೂರಾ ಜೋತುಬೀಳುತ್ತದೆ, ಮೇಲೆ ಹೋಗುತ್ತಲೇ ಜಗ್ಗಿಕೊಳ್ಳುತ್ತದೆ. ಹಬ್ಬಿನ ಹತ್ತಿರ ಮೊಣಕೈಯಂತೆ ಬಾಗಿದ ಜಾಗ ದಣಿಯುತ್ತದೆ. ಇಂಥ ಚಕ್ರ ಕಿಲೋಮೀಟರಿಗೆ ಸುಮಾರು 450 ಸುತ್ತು ಹೊಡೆಯುತ್ತದೆ. ಮುರಿದ ಕಡ್ಡಿಗಳನ್ನು ಅವನು ಡಬ್ಬಿಯಲ್ಲಿ ಎತ್ತಿಟ್ಟಿದ್ದ. ಸುರುವಿ ನೋಡಿದರೆ ಎಲ್ಲವೂ ಆ ಬಾಗಿನಲ್ಲೇ ತುಂಡಾಗಿದ್ದವು.

ಅವನು ಏನೂ ಹೇಳಲಿಲ್ಲ. ಕಡ್ಡಿಗಳ ಮರೆಗೆ ಕೊಬ್ಬರಿ ಎಣ್ಣೆ ಸವರತೊಡಗಿದ.

ಹಬ್ಬಿನ ಒಂದೊಂದು ಬಿಲ್ಲೆಯಲ್ಲಿ 20 ತೂತು. ಒಂದು ಬಿಟ್ಟು ಒಂದಕ್ಕೆ ಹತ್ತು ಕಡ್ಡಿ ಇಳಿಬಿಟ್ಟು, ರಿಮ್ಮಿನಲ್ಲಿ ಪ್ರತಿ ನಾಲ್ಕನೆಯ ತೂತಿಗೆ ಒಂದರಂತೆ ಸೇರಿಸಬೇಕು. ಆಚೆ ಬದಿಗೂ ಹಾಗೆಯೇ. ಆಮೇಲೆ ಹಬ್ಬನ್ನು ತಿರುಚಿ ಉಳಿದ ಕಡ್ಡಿಗಳನ್ನು ಎದುರು ದಿಕ್ಕಿಗೆ ಹಾಯಿಸಿ, ಕೊನೆಯ ದಾಟಿನಲ್ಲಿ ಅಡಿಯಿಂದ ತೂರಿಸಬೇಕು. ಹೀಗೆ ಓರೆಯಾಗಿ ಹೆಣೆಯುವ ಕ್ರಮಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಪೆಡಲ್ ತುಳಿದ ಬಲ ಹಬ್ಬಿನಿಂದ ರಿಮ್ಮಿಗೆ ದಾಟಬೇಕಾದರೆ ಈ ಓರೆ ಬೇಕೇ ಬೇಕು.

ರಾತ್ರಿ ಹನ್ನೊಂದಕ್ಕೆ ಹೆಣಿಗೆ ಮುಗಿಯಿತು. ಆಗ ಮಗಳ ಕಣ್ಣಿಗೆ ಬಿತ್ತು: ವಾಲ್ವಿನ ತೂತಿನ ಮೇಲೇ ಎರಡು ಕಡ್ಡಿ ಒಟ್ಟಾಗಿ ಕೂಡುತ್ತಿವೆ. ಪಂಪಿನ ಬಾಯಿ ಹೋಗಲು ಜಾಗವಿಲ್ಲ. ಮೊದಲನೆಯ ಕಡ್ಡಿಯೇ ಒಂದು ತೂತು ತಪ್ಪಿತ್ತು. "ಬೆಳಿಗ್ಗೆ ನೋಡ್ರಿ, ಇನ್ನ ಮಲಗ್ರಿ," ಎಂದು ಹೆಂಡತಿ ದೀಪ ಆರಿಸಿದಳು.

ಮರುದಿನವೆಲ್ಲ ಬಿಚ್ಚಿ ಮತ್ತೆ ಹೆಣೆದದ್ದಾಯಿತು. ಔಟ್ ತೆಗೆಯಲು ಸ್ಟ್ಯಾಂಡ್ ಇಲ್ಲ. ಸೈಕಲ್ಲಿನ ಹಿಂದಿನ ದಂಡಿಗೆ ಸೀಮೆಸುಣ್ಣ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಉಬ್ಬಿದ ಕಡೆ ಗೆರೆ ಬೀಳುತ್ತದೆ. ರಿಮ್ಮು ಬಲಕ್ಕೆ ವಾಲಿದ್ದರೆ ಅಲ್ಲಿ ಎಡಗಡೆಯ ಕಡ್ಡಿಗೆ ಕಾಲು ಸುತ್ತು ಬಿಗಿ, ಬಲಗಡೆಯದಕ್ಕೆ ಕಾಲು ಸುತ್ತು ಸಡಿಲ. ಅರ್ಧ ಸುತ್ತಿನ ಆತುರ ತೋರಿದರೆ ಇನ್ನೊಂದು ಕಡೆ ಹೊಸ ಉಬ್ಬು ಏಳುತ್ತದೆ. ಗೆರೆ ಚಿಕ್ಕದಾದಂತೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪವೇ ಬಿಗಿ ಏರಿಸಿದ. ಬೆರಳಿಂದ ಮೀಟಿದರೆ ಮಂದವಾಗಿದ್ದ ದನಿ ಏರುತ್ತ ಹೋಯಿತು. ಒಂದು ಮಾತ್ರ ಬೇಸೂರಾಗಿ ಕೇಳಿತು. ಅದನ್ನೂ ಸರಿಮಾಡಿದ.

"ಸಾಕೇನು?"

"ಇನ್ನಷ್ಟು," ಎಂದಳು ಮಗಳು. ಕೈ ಅಂಜುತ್ತಿತ್ತು, ಆದರೂ ತಿರುಗಿಸಿದ. ಬಳಿಕ ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಹಿಂಡಿದಾಗ ಟಿಣ್ ಟಿಣ್ ಎಂದು ಅವು ತಮ್ಮ ಜಾಗದಲ್ಲಿ ಕೂತವು. ಚಕ್ರ ಮತ್ತೆ ತುಸು ಔಟಾಯಿತು. ಮತ್ತೆ ಸೀಮೆಸುಣ್ಣ.

17ರ ಮುಂಜಾನೆ ನಾಲ್ಕಕ್ಕೆ, ಮಳೆ ಹನಿಯುತ್ತಿದ್ದಾಗ, ಸ್ಟೇಷನ್ ಹೊರಗೆ ಕಟ್ಟುಗಳನ್ನು ಬಿಚ್ಚಿ ವಿಂಗಡಿಸಿದ. ಮರಾಠಿ, ಇಂಗ್ಲಿಷ್, ಉರ್ದು, ಕೊನೆಗೆ ನಾಲ್ಕು 'ಕರ್ನಾಟಕ ಮಲ್ಲ'. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿದು ಹೊರಟ. ಪೇವರ್ ಬ್ಲಾಕ್ ಎದ್ದುನಿಂತ ತಿರುವಿನಲ್ಲಿ ಹಿಂದಿನಿಂದ ಟಿಣ್ ಎಂದಿತು. ಇಳಿದು, ಒದ್ದೆ ಕೈಯಲ್ಲೇ ನಲವತ್ತನ್ನೂ ಒಂದೊಂದಾಗಿ ಮುಟ್ಟಿ ಎಣಿಸಿದ.